ಡೆವನ್ನಿನ ಮಣ್ಣಿನ ಗೋಡೆ ಕಾಟೇಜು: ನಮ್ಮ ಕಡೆಯವರು ಉಳಿಯಬಹುದಾ?

ಉಳಿಯಬಹುದು. ಮೊಣಕಾಲು ಗಟ್ಟಿ ಇದ್ದರೆ, ಬಾಗಿಲಲ್ಲಿ ತಲೆ ತಗ್ಗಿಸುವ ಅಭ್ಯಾಸ ಇದ್ದರೆ, ಮಟಮಟ ಮಧ್ಯಾಹ್ನವೂ ಲೈಟ್ ಹಾಕಿಕೊಂಡು ಅಡುಗೆ ಮಾಡಲು ಬೇಸರವಿಲ್ಲದಿದ್ದರೆ ಖಂಡಿತ ಉಳಿಯಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗಿಬರುವ ಅಪ್ಪ ಅಮ್ಮಂದಿರು ಈಗ ಬಹಳ. ಹೋದವರು ಲಂಡನ್ನಿನ ಗಡಿಯಾರ, ಸೇತುವೆ, ಅರಮನೆ ನೋಡಿ ಫೋಟೊ ತರುತ್ತಾರೆ. ಅವರಿಗೆಲ್ಲ ನಾನು ಹೇಳುವುದಿಷ್ಟು: ಕೆಲವು ದಿನವಾದರೂ ಹಳ್ಳಿಯ ಹಳೆ ಮನೆಯೊಂದರಲ್ಲಿ ಇದ್ದು ಬನ್ನಿ. ಒಲೆ ಹಚ್ಚಿ, ನೆಲ ಗುಡಿಸಿ, ಮಳೆ ಬಂದಾಗ ಒಳಗೆ ಕೂತು, ಮನೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಬನ್ನಿ.

ನಾವು ಇದ್ದದ್ದು ಇಂಗ್ಲೆಂಡಿನ ನೈಋತ್ಯದ ಡೆವನ್ ಕೌಂಟಿಯಲ್ಲಿ, ಎಕ್ಸಿಟರಿಂದ ಕ್ರೆಡಿಟನ್ನಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಒಂದು ಹಳ್ಳಿಯಲ್ಲಿ. ಮಗಳು, ಅಳಿಯ ಎಕ್ಸಿಟರಿನಲ್ಲಿದ್ದಾರೆ. ಬುಕ್ ಮಾಡಿದ್ದು ಅವರೇ. ಮಾಲೀಕರು ವಯಸ್ಸಾದ ಗಂಡ ಹೆಂಡತಿ, ಹಿತ್ತಲಿನ ಆಚೆಯೇ ಅವರ ಮನೆ. ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ಬಾಡಿಗೆಗೆ ಕೊಡುವವರು, ಹಾಗಾಗಿ ಮನೆಯ ಹೆಸರು ಇಲ್ಲಿ ಹಾಕುತ್ತಿಲ್ಲ. ಆ ಭಾಗದಲ್ಲಿ ಇಂಥ ಮನೆಗಳು ಸಾಕಷ್ಟಿವೆ. ಯಾವುದನ್ನು ಗೊತ್ತು ಮಾಡಿದರೂ ಏನು ನೋಡಬೇಕು, ಏನು ಕೇಳಬೇಕು ಎಂಬುದಕ್ಕೆ ನಾನು ಬರೆದದ್ದು ಉಪಯೋಗಕ್ಕೆ ಬಂದೀತು.

ಇಂಟರ್ನೆಟ್ಟಿನಲ್ಲಿ ಈ ಕಾಟೇಜುಗಳ ಫೋಟೊ ಹಾಕುವವರು ಗುಲಾಬಿ ಬಳ್ಳಿಯನ್ನೂ ಹುಲ್ಲಿನ ಮಾಡನ್ನೂ ತೋರಿಸುತ್ತಾರೆ. ಗೋಡೆಯನ್ನು ಯಾರೂ ತೋರಿಸುವುದಿಲ್ಲ. ನನಗೆ ಆ ಮನೆಯ ಜೀವವೇ ಗೋಡೆ ಅನ್ನಿಸಿತು. ಹೊರಗಿನಿಂದ ಸುಣ್ಣ ಬಳಿದ, ಅಲ್ಲಲ್ಲಿ ಸ್ವಲ್ಪ ಉಬ್ಬಿದ, ಮೂಲೆಯಲ್ಲಿ ಚೂಪಿಲ್ಲದೆ ದುಂಡಗೆ ತಿರುಗಿದ ಗೋಡೆ. ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದೆ, ಅಷ್ಟು ದಪ್ಪ. ಡೆವನ್ನಿನ ಇಂಥ ಗೋಡೆಗಳು ಸಾಮಾನ್ಯವಾಗಿ ಎರಡರಿಂದ ಮೂರು ಅಡಿ ದಪ್ಪ ಇರುತ್ತವೆ. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಒಂದು ಕಡೆ ಗಾರೆ ಹಾಕದೆ ಹಾಗೇ ಬಿಟ್ಟಿದ್ದಾರೆ. ಅಲ್ಲಿ ಕಂಡದ್ದು ಕೆಂಪು ಮಣ್ಣು, ನಡುವೆ ಬಂಗಾರದ ಬಣ್ಣದ ಹುಲ್ಲಿನ ಎಳೆಗಳು, ಸಣ್ಣ ಸಣ್ಣ ಹರಳುಕಲ್ಲು. ನಮ್ಮನೆಯವರು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, "ಇದು ನಮ್ಮನೆ ಗೋಡೆನೇಯ ಅಲ್ದನೇ?" ಅಂದರು.

ಹೌದು, ನಮ್ಮನೆ ಗೋಡೆಯೇ. ಕ್ರೆಡಿಟನ್ ಸುತ್ತಿನ ಮಣ್ಣು ಅಪ್ಪಟ ಕೆಂಪು. ಉತ್ತು ಬಿಟ್ಟ ಹೊಲಗಳ ನಡುವೆ ಕಾರು ಹೋಗುವಾಗ ಊರ ಕಡೆಯ ನೆನಪಾಗುತ್ತದೆ. ಆ ಜೇಡಿ ಬೆರೆತ ಮಣ್ಣಿಗೆ ನೀರು, ಒಣಹುಲ್ಲು ಸೇರಿಸಿ, ಜನ ತುಳಿದು, ಕೆಲವು ಕಡೆ ಎತ್ತುಗಳಿಂದ ತುಳಿಸಿ ಹದ ಮಾಡುತ್ತಿದ್ದರಂತೆ. ಹಲಗೆ ಕಟ್ಟಿ ಅಚ್ಚು ಮಾಡುವುದಿಲ್ಲ. ಮೂರು ಹಲ್ಲಿನ ಕವೆಗೋಲಿನಿಂದ ಮುದ್ದೆ ಮುದ್ದೆಯಾಗಿ ಗೋಡೆಯ ಮೇಲೆ ಹೇರಿ, ಮೇಲೆ ನಿಂತು ತುಳಿದು, ಎರಡು ಅಡಿಯ ಆಸುಪಾಸು ಎತ್ತರವಾದ ಮೇಲೆ ಒಣಗಲು ಬಿಡುವುದು. ವಾರಗಟ್ಟಲೆ ಬಿಟ್ಟು ಅದರ ಮೇಲೆ ಇನ್ನೊಂದು ವರಸೆ. ಉಬ್ಬಿ ಹೊರಗೆ ಬಂದದ್ದನ್ನು ಸನಿಕೆಯಿಂದ ಕೆತ್ತಿ ಸಮ ಮಾಡುವುದು. ಚಳಿಗಾಲದಲ್ಲಿ ಕೆಲಸ ನಿಲ್ಲುತ್ತಿತ್ತು, ಏಕೆಂದರೆ ಹಸಿ ಮಣ್ಣು ಹೆಪ್ಪುಗಟ್ಟಿದರೆ ಗೋಡೆ ಕೆಟ್ಟಂತೆ. ನಮ್ಮಲ್ಲಿ ಇದೇ ಕೆಲಸ ಮಳೆ ನಿಂತು ಸುಗ್ಗಿ ಮುಗಿದ ಮೇಲೆ ನಡೆಯುತ್ತಿತ್ತು. ಅವರಿಗೆ ಬೇಸಿಗೆ, ನಮಗೆ ಚಳಿಗಾಲದ ಕೊನೆ. ಕಾಲ ಬೇರೆ, ಹದ ಒಂದೇ.

ಇಂಗ್ಲೆಂಡಿನಲ್ಲಿ ಹೀಗೆ ಮಣ್ಣಿನಿಂದ ಕಟ್ಟಿದ ಹಳೆ ಮನೆಗಳು ಅತಿ ಹೆಚ್ಚು ಇರುವುದು ಡೆವನ್ನಿನಲ್ಲಿ. ಬೇರೆ ಕಡೆ ಮರದ ಚೌಕಟ್ಟು ನಿಲ್ಲಿಸಿ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು ಕಾಣುತ್ತದೆ. ಬಿಳಿ ಗೋಡೆಯ ಮೇಲೆ ಕಪ್ಪು ತೊಲೆಗಳು ಎದ್ದು ಕಾಣುವ ಮನೆಗಳು ಅವೇ. ಕಾಟ್ಸ್‌ವೋಲ್ಡ್ಸ್ ಕಡೆ ಜೇನಿನ ಬಣ್ಣದ ಸುಣ್ಣಕಲ್ಲು. ಕಾಲಡಿ ಸಿಕ್ಕಿದ್ದರಲ್ಲಿ ಕಟ್ಟಿಕೊಂಡರು ಅಷ್ಟೆ. ನಮ್ಮಲ್ಲೂ ಕುಮಟಾ, ಹೊನ್ನಾವರದಲ್ಲಿ ಚಿರೆಕಲ್ಲು, ಘಟ್ಟ ಹತ್ತಿದರೆ ಮಣ್ಣು.

ಈ ಮನೆಯ ಮೂಲ ಭಾಗ ಐನೂರು ವರ್ಷದ ಹಿಂದಿನದು ಎಂದು ಮಾಲೀಕರು ಹೇಳಿದರು. ಮಣ್ಣಿನ ಗೋಡೆ ಐನೂರು ವರ್ಷ! ನಮ್ಮ ಊರಲ್ಲಿ ಐವತ್ತು ವರ್ಷದ ಮಣ್ಣಿನ ಮನೆಯನ್ನು "ಇನ್ನೇನು ಬೀಳ್ತು" ಅಂದುಕೊಂಡು ಜೆಸಿಬಿ ತರಿಸುತ್ತಾರೆ. ಡೆವನ್ನಿನವರಲ್ಲಿ ಒಂದು ಮಾತಿದೆ: ಮಣ್ಣಿನ ಗೋಡೆಗೆ ಒಳ್ಳೆ ಟೊಪ್ಪಿ, ಒಳ್ಳೆ ಬೂಟು ಕೊಟ್ಟರೆ ಅದಕ್ಕೆ ಸಾವಿಲ್ಲ. ಟೊಪ್ಪಿ ಅಂದರೆ ಮಾಡು, ಬೂಟು ಅಂದರೆ ಕಲ್ಲಿನ ಪಂಚಾಂಗ. ಈ ಮನೆಗೂ ನೆಲದಿಂದ ಮೊಣಕಾಲೆತ್ತರದವರೆಗೆ ಕಲ್ಲು ಕಟ್ಟಿ ಅದರ ಮೇಲೆ ಮಣ್ಣು ಶುರುವಾಗುತ್ತದೆ. ನಮ್ಮ ಅತ್ತೆ ಇಂಗ್ಲೆಂಡ್ ಕಂಡವರಲ್ಲ, ಆದರೆ ಆಷಾಢ ಬರುವ ಮೊದಲೇ ಪಡುವಣ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟಿಸುತ್ತ ಅವರು ಹೇಳುತ್ತಿದ್ದದ್ದೂ ಇದನ್ನೇ: "ಗ್ವಾಡೆ ನೆನೀದೇ ಇದ್ರೆ ಮನೆ ಎಷ್ಟು ಕಾಲನೂ ಇರ್ತು."

ಒಂದು ವ್ಯತ್ಯಾಸ ಮರೆಯಬಾರದು. ಎಕ್ಸಿಟರ್ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್, ಅದೂ ವರ್ಷಪೂರ್ತಿ ಸ್ವಲ್ಪ ಸ್ವಲ್ಪ. ಶಿರಸಿಯಲ್ಲಿ ಅದರ ಮೂರು ಪಟ್ಟಿನ ಹತ್ತಿರ ಹತ್ತಿರ, ಅದೂ ನಾಲ್ಕು ತಿಂಗಳಲ್ಲಿ. ಅವರ ಮನೆಗೆ ಜಗುಲಿ ಬೇಡ, ಕಡಮಾಡು ಬೇಡ, ತಟ್ಟಿ ಬೇಡ. ನಮಗೆ ಇವೆಲ್ಲ ಇಲ್ಲದೆ ಆಗದು. ನಮ್ಮ ಕಡೆ ಗೋಡೆಗಿಂತ ಮಾಡಿನ ಚಾಚು ದೊಡ್ಡದಾಗಿರುವುದು ಶೋಕಿಗಲ್ಲ. ಇನ್ನೊಂದು ವ್ಯತ್ಯಾಸ ಒರಲೆ, ಅಂದರೆ ಗೆದ್ದಲು. ನಮ್ಮ ಮನೆಗಳ ಮರ ತಿಂದು ಮುಗಿಸುವ ಒರಲೆ ಅವರಿಗೆ ಗೊತ್ತೇ ಇಲ್ಲ. ಇಡೀ ಬ್ರಿಟನ್ನಿನಲ್ಲಿ ಒರಲೆ ನೆಲೆಯೂರಿದ್ದು ಒಂದೇ ಕಡೆ, ಅದೂ ಇದೇ ಡೆವನ್ನಿನ ಉತ್ತರದಲ್ಲಿ, ಸಾಂಟನ್ ಎಂಬಲ್ಲಿ; ಅದು ಕಣ್ಣಿಗೆ ಬಿದ್ದದ್ದು 1994ರಲ್ಲಿ. ಅದನ್ನು ನಿರ್ಮೂಲ ಮಾಡಲು ಅವರು 20 ವರ್ಷಕ್ಕೂ ಮಿಕ್ಕಿ ಬೆನ್ನು ಹತ್ತಿದರು. ಎರಡು ಮನೆಗೆ ಹತ್ತಿದ ಒರಲೆಗೆ ಇಷ್ಟು! ಕೇಳಿ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ನಮ್ಮ ಅಡಕೆ ಅಟ್ಟದ ಹಲಸಿನ ತೊಲೆಗಳನ್ನು ಹೀಗೆ ಯಾರು ಕಾದಾರು?

ಈಗ ಸಿಮೆಂಟಿನ ವಿಷಯ. ನನ್ನ ಮಟ್ಟಿಗೆ ಈ ಮನೆಯಲ್ಲಿ ಕಲಿಯುವಂಥದ್ದು ಇದ್ದದ್ದು ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಪೋರ್ಟ್‌ಲೆಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಂದರೆ ಸಿಮೆಂಟು ಹುಟ್ಟಿದ ದೇಶವೇ ಅದು. ಕಳೆದ ಶತಮಾನದಲ್ಲಿ ಅವರೂ ಹಳೆ ಮಣ್ಣಿನ ಗೋಡೆಗಳಿಗೆ ಗಟ್ಟಿಯಾಗಲಿ ಎಂದು ಸಿಮೆಂಟ್ ಗಾರೆ ಹೊಡೆಸಿದರು. ಆಮೇಲೆ ನೂರಾರು ವರ್ಷ ನಿಂತ ಗೋಡೆಗಳು ಕುಸಿಯತೊಡಗಿದವು. ಕಾರಣ ಸರಳ. ಮಣ್ಣಿನ ಗೋಡೆಯಲ್ಲಿ ಯಾವಾಗಲೂ ಸ್ವಲ್ಪ ತೇವ ಇರುತ್ತದೆ. ನೆಲದಿಂದ ಏರುತ್ತದೆ, ಅಡುಗೆಯ ಹಬೆಯಿಂದ ಬರುತ್ತದೆ, ಎಲ್ಲೋ ಒಂದು ಬಿರುಕಿನಿಂದ ಇಳಿಯುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಬಿರುಕಿನಲ್ಲಿ ಒಳಗೆ ಹೋದ ನೀರು ಅಲ್ಲೇ ಕೂತು, ಸಿಮೆಂಟಿನ ಹಿಂದೆ, ಕಣ್ಣಿಗೆ ಕಾಣದಂತೆ ಗೋಡೆಯ ಬುಡ ಕೆಸರಾಗುತ್ತದೆ. ಹೊರಗಿನ ಸಿಮೆಂಟ್ ಮಾತ್ರ ನೆಟ್ಟಗೆ ನಿಂತಿರುತ್ತದೆ. ಒಂದು ದಿನ ಎಲ್ಲ ಒಟ್ಟಿಗೆ ಬೀಳುತ್ತದೆ.

ಈ ಮನೆಯ ಹಿಂಬದಿಗೂ ಹಿಂದಿನ ಮಾಲೀಕರ ಕಾಲದಲ್ಲಿ ಸಿಮೆಂಟ್ ಹಾಕಿದ್ದರಂತೆ. ಈಗಿನವರು ಅದನ್ನು ಕಿತ್ತು, ಗೋಡೆಯನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು, ಟೊಳ್ಳಾದ ಕಡೆ ಅದೇ ಮಣ್ಣಿನ ಇಟ್ಟಿಗೆ ಮಾಡಿ ತುಂಬಿ, ಮೇಕೆ ಕೂದಲು ಬೆರೆಸಿದ ಸುಣ್ಣದ ಗಾರೆ ಹಾಕಿಸಿದ್ದಾರೆ. ಮೇಲೆ ಸುಣ್ಣದ ತಿಳಿ, ಒಂದರ ಮೇಲೊಂದು ತೆಳ್ಳಗಿನ ಹೊಡೆತಗಳು. ಕೈ ಇಟ್ಟರೆ ಒಣ ಗೋಡೆ, ಬೂಷ್ಟಿನ ವಾಸನೆ ಎಲ್ಲೂ ಇಲ್ಲ. ಹೊರಗೆ ಎರಡು ದಿನ ಬಿಡದೆ ಮಳೆ ಹನಿಯುತ್ತಿದ್ದರೂ ಒಳಗೆ ಹಾಸಿಗೆ ಬಟ್ಟೆ ತಣ್ಣಗಾಗಲಿಲ್ಲ. ಜುಲೈಯಲ್ಲಿ ನಮ್ಮ ಮನೆಯ ಚಾದರ ಹೇಗಿರುತ್ತದೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ನಮಗೆ ಸುಣ್ಣ ಹೊಸದಲ್ಲ. ಅಘನಾಶಿನಿ ಅಳಿವೆಯ ಚಿಪ್ಪು ಸುಟ್ಟು ಮಾಡಿದ ಸುಣ್ಣ ಘಟ್ಟ ಹತ್ತಿ ಬರುತ್ತಿತ್ತು. ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು, ಶೇಡಿ, ಸುಣ್ಣ ಬಳಿಯುತ್ತಿದ್ದೆವು. ಹಬ್ಬದ ಕೆಲಸ ಅಂದುಕೊಂಡು ಮಾಡುತ್ತಿದ್ದದ್ದು, ಗೋಡೆಗೆ ವರ್ಷಕ್ಕೊಮ್ಮೆ ಸಿಗುತ್ತಿದ್ದ ಆರೈಕೆಯೂ ಆಗಿತ್ತು. ಪ್ಲಾಸ್ಟಿಕ್ ಪೇಂಟ್ ಬಂದ ಮೇಲೆ ಅದು ನಿಂತಿತು. ನಮ್ಮ ಮನೆಯ ಬಚ್ಚಲ ಕಡೆಯ ಗೋಡೆಗೆ ಮಾವನವರ ಕಾಲದಲ್ಲಿ ಯಾರೋ ಹೇಳಿದರೆಂದು ಸಿಮೆಂಟ್ ಬಳಿದದ್ದಿದೆ. ತಟ್ಟಿದರೆ ಡಬ್ ಡಬ್ ಎನ್ನುತ್ತದೆ. ಊರಿಗೆ ಬಂದ ಕೂಡಲೇ ಗೋಡೆ ಕೆಲಸದವರನ್ನು ಕರೆಸಿ ಅದನ್ನು ತೆಗೆಸುವ ಮಾತಾಡಿದ್ದೇವೆ. ಅವರಲ್ಲಿ ವಯಸ್ಸಾದವರೊಬ್ಬರಿಗೆ ಸುಣ್ಣ ಅರಳಿಸಿ ಕೊಳೆಹಾಕಿ ಗಾರೆ ಮಾಡುವುದು ಇನ್ನೂ ಗೊತ್ತಿದೆ. ಮಳೆ ಪೂರ್ತಿ ನಿಲ್ಲಲಿ, ಅಲ್ಲಿಯವರೆಗೆ ಮುಟ್ಟುವುದು ಬೇಡ ಎಂದಿದ್ದಾರೆ.

ಮಾಡು. ಇಲ್ಲಿ ಮಾತ್ರ ಸೋಗೆ ಹೊದಿಸಿ ಗೊತ್ತಿರುವ ನಮ್ಮಂಥವರು ಬಾಯಿ ತೆರೆದು ನೋಡಬೇಕು. ಡೆವನ್ನಿನ ಹಳೆ ಮಾಡುಗಳಿಗೆ ಹಾಕುವುದು ಗೋಧಿಯ ಹುಲ್ಲು. ಅದನ್ನು ಬಡಿದು ಪುಡಿ ಮಾಡದೆ, ಬಾಚುವ ಯಂತ್ರಕ್ಕೆ ಕೊಟ್ಟು ಕಾಳು, ಎಲೆ ತೆಗೆದು, ದಂಟಿನ ಬುಡಗಳೆಲ್ಲ ಒಂದೇ ಕಡೆ ಬರುವಂತೆ ಕಟ್ಟು ಕಟ್ಟುತ್ತಾರೆ. ಮಾಡಿನ ಮೇಲೆ ಬುಡ ಕೆಳಗಾಗಿ, ಒಂದಡಿಯಷ್ಟು ದಪ್ಪಕ್ಕೆ ಒತ್ತಾಗಿ ಜೋಡಿಸುತ್ತಾರೆ. ಹೇಝಲ್ ಎಂಬ ಗಿಡದ ಕಡ್ಡಿ ಸೀಳಿ, ನಡುವೆ ತಿರುಚಿ ಮಡಚಿ, ಕೂದಲಿಗೆ ಪಿನ್ ಸಿಕ್ಕಿಸಿದ ಹಾಗೆ ಹುಲ್ಲಿಗೆ ಚುಚ್ಚಿ ಕೂರಿಸುತ್ತಾರೆ. ಇಳಿಜಾರು ಸುಮಾರು 50 ಡಿಗ್ರಿ, ನಮ್ಮ ಹಂಚಿನ ಮಾಡಿಗಿಂತ ಬಹಳ ಕಡಿದು. ನೀರು ನಿಲ್ಲಲು ಪುರುಸೊತ್ತೇ ಇಲ್ಲ. ಎಷ್ಟು ಮಳೆ ಬಂದರೂ ನೆನೆಯುವುದು ಮೇಲಿನ ಒಂದಿಂಚಿನಷ್ಟು ಮಾತ್ರ. ಸೂರಿನಂಚಿಗೆ ನೀರು ಹರಿಸುವ ದೋಣಿಯೂ ಇಲ್ಲ. ಹುಲ್ಲು ಗೋಡೆಯಿಂದ ಅಷ್ಟು ದೂರ ಚಾಚಿ ನೀರನ್ನು ಆಚೆಗೇ ಬೀಳಿಸುತ್ತದೆ.

ನಮ್ಮ ಸೋಗೆ ಮಾಡನ್ನು ವರ್ಷ ವರ್ಷ ಹೊದಿಸಬೇಕಿತ್ತು. ಇದು 25ರಿಂದ 35 ವರ್ಷ ಬಾಳುತ್ತದೆ, ನೆತ್ತಿಯ ಏಣನ್ನು ಮಾತ್ರ 10-15 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕು. ಹೊಸ ಹುಲ್ಲು ಹಾಕುವಾಗ ಹಳತನ್ನು ಪೂರ್ತಿ ಕಿತ್ತೆಸೆಯುವುದಿಲ್ಲ. ಗಟ್ಟಿ ಇರುವ ಪದರವನ್ನು ಬಿಟ್ಟು ಅದರ ಮೇಲೆ ಹೊದಿಸುತ್ತಾರೆ. ಕೆಲಸಗಾರರು ಇದ್ದಾರೆ, ಕಲಿಯುವ ಹುಡುಗರೂ ಇದ್ದಾರೆ. ಕಷ್ಟ ಇರುವುದು ಹುಲ್ಲಿನದ್ದು. ಕಟಾವಿನ ಯಂತ್ರಕ್ಕಾಗಿ ಬೆಳೆಸಿದ ಗಿಡ್ಡ ತಳಿಗಳ ಹುಲ್ಲು ಮಾಡಿಗೆ ಬರುವುದಿಲ್ಲ. ಅದಕ್ಕಾಗಿಯೇ ಕೆಲವು ರೈತರು ಮಾರಿಸ್ ವಿಜನ್‌ನಂಥ ಹಳೆಯ ಉದ್ದ ತಳಿಯನ್ನು ಬೆಳೆದು, ಹಳೆ ಕಾಲದ ಯಂತ್ರದಲ್ಲಿ ಕೊಯ್ದು ಕಟ್ಟು ಕಟ್ಟುತ್ತಾರೆ. ಯೂರಿಯಾ ಜಾಸ್ತಿ ಹಾಕಿ ಬೆಳೆದ ಹುಲ್ಲು ಬೇಗ ಕೊಳೆಯುತ್ತದೆಂದು ಗೊಬ್ಬರವನ್ನೂ ಹಿಡಿತದಲ್ಲಿ ಕೊಡುತ್ತಾರೆ. ನಮ್ಮಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನಕ್ಕೆ ಸೋಗೆ, ಕರಡ ಎಲ್ಲ ಮಾಡಿನಿಂದ ಇಳಿದವು. ಅದರಲ್ಲಿ ನನಗೆ ಬೇಸರವಿಲ್ಲ. ನಮ್ಮ ಮಳೆಗೆ ಹಂಚು ದೊಡ್ಡ ಉಪಕಾರ ಮಾಡಿದೆ.

ಒಂದು ಸಂಜೆ ಮಾಲೀಕರು ಏಣಿ ಹಾಕಿ ಅಟ್ಟದ ಕಿಂಡಿ ತೆರೆದು ಟಾರ್ಚ್ ಬಿಟ್ಟು ತೋರಿಸಿದರು. ಮೊದಲು ಕಂಡದ್ದು ಬಾಗಿದ ಓಕ್ ತೊಲೆಗಳು. ಗೋಡೆಯ ನಡುಮಟ್ಟದಲ್ಲಿ ಮಣ್ಣಿನೊಳಗಿಂದಲೇ ಹೊರಟು, ಮೇಲೆ ಇನ್ನೊಂದು ತೊಲೆಗೆ ಮರದ ಗೂಟದಿಂದ ಬೆಸೆದುಕೊಂಡು ನೆತ್ತಿಯಲ್ಲಿ ಕೂಡುವ ಜೋಡಿಗಳು. ಡೆವನ್, ಸಾಮರ್‌ಸೆಟ್ ಭಾಗದ ಬಡಗಿಗಳ ವಿಶೇಷ ಇದು. ಕಬ್ಬಿಣದ ಒಂದು ಮೊಳೆಯೂ ಇಲ್ಲ. ಅದರಾಚೆ ಮಾಡಿನ ಒಳಮೈ ಕಂಡಿತು. ಅದು ಕಪ್ಪು, ಕಾಡಿಗೆ ಕಪ್ಪು. ಮನೆ ಕಟ್ಟಿದ ಕಾಲದಲ್ಲಿ ಹೊಗೆಗೂಡು ಇರಲಿಲ್ಲ. ನಡುಮನೆಯ ನೆಲದ ಮೇಲೇ ಬೆಂಕಿ, ಮೇಲೆ ಅಟ್ಟವೂ ಇಲ್ಲ, ಹೊಗೆ ನೇರ ಮಾಡಿಗೆ ಏರಿ ಹುಲ್ಲಿನ ಸಂದಿಯಲ್ಲಿ ಹೊರಬೀಳುತ್ತಿತ್ತು. 16ನೇ, 17ನೇ ಶತಮಾನದಲ್ಲಿ ಹೊಗೆಗೂಡು ಕಟ್ಟಿ, ನಡುವೆ ತೊಲೆ ಹಾಕಿ ಮೆತ್ತು, ಅಂದರೆ ಮೇಲಂತಸ್ತು, ಮಾಡಿಕೊಂಡರು. ಆದರೆ ಅಡಿಯ ಹುಲ್ಲು ಹಾಗೇ ಉಳಿಯಿತು. ಹೊಗೆ ಹಿಡಿದ ಇಂಥ ಮಧ್ಯಕಾಲದ ಹುಲ್ಲು ಅತಿ ಹೆಚ್ಚು ಸಿಕ್ಕಿರುವುದು ಡೆವನ್ನಿನಲ್ಲೇ. ಸಂಶೋಧಕರು ಅದರಲ್ಲಿ ಆ ಕಾಲದ ಗೋಧಿ, ರೈ, ಹೊಲದ ಕಳೆಗಿಡಗಳನ್ನೆಲ್ಲ ಗುರುತಿಸಿದ್ದಾರೆ.

ಆ ಕಪ್ಪು ನೋಡಿ ನಾನು ಏಣಿಯ ಮೇಲೆ ಸುಮಾರು ಹೊತ್ತು ನಿಂತುಬಿಟ್ಟೆ. ನಮ್ಮ ಅಡುಗೆಮನೆಯ ಅಟ್ಟದಲ್ಲೂ ಇದೇ ಇಲ್ಲಣ, ಇದೇ ವಾಸನೆ. ಬಿತ್ತನೆಯ ಸೌತೆ, ಹಾಲುಗುಂಬಳವನ್ನು ಹೊಗೆ ತಾಗುವಲ್ಲಿ ಕಟ್ಟಿ ತೂಗಿಸಿದ ಅಟ್ಟ ಅದು. ಹುಳ ಹತ್ತಬಾರದೆಂದು ನಾವು ಮಾಡಿದ್ದನ್ನೇ ಅವರ ಬೆಂಕಿಯೂ ಅವರ ಹುಲ್ಲಿಗೆ ಮಾಡಿತ್ತು. ಯಾರೋ ಹೆಂಗಸು ಆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಗಂಜಿ ಕಾಯಿಸಿರಬೇಕು. ಈ ಬಾಡಿಗೆ ಮನೆಯಲ್ಲಿ ನನಗೆ ಅತಿ ಹತ್ತಿರವಾದದ್ದು ಗುಲಾಬಿ ಬಳ್ಳಿಯಲ್ಲ, ಈ ಮಸಿ.

ಮನೆಯ ನಕ್ಷೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಮುಂಬಾಗಿಲಿಂದ ಹಿಂಬಾಗಿಲಿಗೆ ನೇರ ಹಾದಿ, ಅದರ ಒಂದು ಪಕ್ಕ ನಡುಮನೆ, ಅದರಾಚೆ ಒಳಕೋಣೆ, ಇನ್ನೊಂದು ಪಕ್ಕ ಕೆಲಸದ ಕೋಣೆ. ಡಾರ್ಟ್‌ಮೂರ್ ಗುಡ್ಡಗಾಡಿನ ಹಳೆ ಉದ್ದಮನೆಗಳಲ್ಲಿ ಈ ಹಾದಿಯ ಕೆಳಬದಿಯಲ್ಲಿ ದನ ಕಟ್ಟುತ್ತಿದ್ದರು. ಒಂದೇ ಮಾಡಿನ ಕೆಳಗೆ ಮೇಲ್ಬದಿ ಜನ, ಇಳಿಜಾರಿನ ಬದಿ ದನ, ಗಂಜಲ ಹರಿಯಲು ನಡುವೆ ಕಾಲುವೆ. ಕೊಟ್ಟಿಗೆಯಲ್ಲಿ ದನ ಮಗ್ಗುಲು ಬದಲಿಸಿದ್ದು ಮಲಗಿದಲ್ಲೇ ಕೇಳುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆಲಕ್ಕೆ ಈಗ ಕಲ್ಲುಚಪ್ಪಡಿ ಹಾಕಿದ್ದಾರೆ. ಹಿಂದೆ ಬಡಿದ ಮಣ್ಣೇ ಇದ್ದದ್ದು. ಸಸೆಕ್ಸ್‌ನ ಆಲ್ಫ್ರಿಸ್ಟನ್ ಎಂಬಲ್ಲಿ 14ನೇ ಶತಮಾನದ ಒಂದು ಹುಲ್ಲುಮಾಡಿನ ಮನೆಯನ್ನು, ಹಳೆಯ ಜಾಗ ಕಟ್ಟಡಗಳನ್ನು ಕಾಪಾಡುವ ನ್ಯಾಶನಲ್ ಟ್ರಸ್ಟ್ 1896ರಲ್ಲಿ 10 ಪೌಂಡಿಗೆ ಕೊಂಡಿತು, ಆ ಸಂಸ್ಥೆ ಕೊಂಡ ಮೊಟ್ಟಮೊದಲ ಕಟ್ಟಡ ಅದು. ಅದರ ನಡುಮನೆಯ ನೆಲ ಸೀಮೆಸುಣ್ಣದ ಕಲ್ಲನ್ನು ಬಡಿದು, ಮೇಲೆ ಹುಳಿ ಹಾಲು ಹೊಯ್ದು ಮಾಡಿದ್ದು. ಸಗಣಿ ಸಾರಿಸಿದ ನೆಲದ ಮೇಲೆ ಓಡಾಡಿದ ನನಗೆ ಅದನ್ನು ಒಮ್ಮೆ ಮುಟ್ಟಿ ನೋಡುವ ಆಸೆ ಉಳಿದಿದೆ.

ನಡುಮನೆಯ ಬೆಂಕಿಗೂಡಿನಲ್ಲಿ ನಾವು ನಾಲ್ವರೂ ಒಟ್ಟಿಗೆ ನಿಲ್ಲಬಹುದು, ಅಷ್ಟು ಅಗಲ. ಅದರ ಒಳಮಗ್ಗುಲಿಗೆ ಮಣ್ಣಿನ ಒಂದು ಒಲೆ ಹುದುಗಿಸಿದ್ದಾರೆ. ಉತ್ತರ ಡೆವನ್ನಿನ ಬಾರ್ನ್‌ಸ್ಟೇಪಲ್, ಬಿಡ್‌ಫರ್ಡ್ ಕುಂಬಾರರು ಇಡಿಯಾಗಿ ಮಾಡಿ, ಸುಟ್ಟು ಮಾರುತ್ತಿದ್ದ ಒಲೆ ಅದು. ಒಳಗೆ ಮುಳ್ಳುಕಂಟಿ ಉರಿಸಿ, ಗೂಡು ಕಾದ ಮೇಲೆ ಕೆಂಡ ಬೂದಿ ಎಳೆದು ತೆಗೆದು, ಹಿಟ್ಟಿನ ಮುದ್ದೆ ಇಟ್ಟು, ಮಣ್ಣಿನ ಬಾಗಿಲು ಮುಚ್ಚಿ ಸಂದಿಗೆ ಮಣ್ಣು ಮೆತ್ತಿದರೆ ರೊಟ್ಟಿ ಬೇಯುತ್ತದೆ. ಅಮೆರಿಕಕ್ಕೆ ಹೋದ ಆರಂಭದ ಕಾಲದ ವಲಸಿಗರು ಇವನ್ನು ಹಡಗಿನಲ್ಲಿ ತರಿಸಿಕೊಂಡಿದ್ದರು; ವರ್ಜೀನಿಯದ ಜೇಮ್ಸ್‌ಟೌನ್‌ನಲ್ಲಿ ಒಂದು ಸಿಕ್ಕಿದೆ. ಬೆಂಕಿಯ ಇನ್ನೊಂದು ಪಕ್ಕ, ಗೋಡೆಯಲ್ಲಿ ಮರದ ಸಣ್ಣ ಬಾಗಿಲಿನ ಗೂಡು, ಉಪ್ಪು ಮತ್ತು ಮಸಾಲೆ ಒಣಗಿರಲಿ ಎಂದು. ಇಂಗ್ಲಿಷರು ಕಾಳುಮೆಣಸಿಗಾಗಿ ನಮ್ಮ ಕಾರವಾರದಲ್ಲಿ ಕೋಠಿ ತೆರೆದದ್ದು 1638ರಲ್ಲಿ. ಆ ಗೂಡಿನ ಬಾಗಿಲು ತೆರೆದಾಗ ನಮ್ಮ ಘಟ್ಟದ ಕಾಳು ಯಾವತ್ತಾದರೂ ಇಲ್ಲಿ ಕೂತಿತ್ತೋ ಏನೋ ಅನ್ನಿಸಿತು. ನಾನು ಊರಿಂದ ಒಯ್ದ ಮೆಣಸಿನಕಾಳಿನ ಡಬ್ಬಿಯನ್ನು ಹೊರಡುವವರೆಗೂ ಅಲ್ಲೇ ಇಟ್ಟಿದ್ದೆ.

ಕಷ್ಟಗಳನ್ನೂ ಹೇಳಬೇಕು. ಬಾಗಿಲುಗಳು ಗಿಡ್ಡ, ಅಳಿಯನಿಗೆ ಎರಡು ಸಲ ಹಣೆ ತಾಗಿತು. ಮೆತ್ತಿನ ಮೆಟ್ಟಿಲು ಬೆಂಕಿಗೂಡಿನ ಪಕ್ಕದಲ್ಲೇ ಸುತ್ತಿಕೊಂಡು ಏರುತ್ತದೆ, ಒಳಬದಿ ಕಾಲಿಡಲು ಜಾಗವೇ ಇಲ್ಲ, ಹಿಡಿಯಲು ಹಗ್ಗ ಮಾತ್ರ. ಮಲಗುವ ಕೋಣೆಗಳು ಮೇಲೆ, ಬಚ್ಚಲು ಕೆಳಗೆ, ಅಡುಗೆಮನೆ ದಾಟಿ. ರಾತ್ರಿ ಏಳುವ ಅಭ್ಯಾಸ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಜಾರುವ ಮೆಟ್ಟಿಲಿಗೆ ಹಗ್ಗದ ಜೊತೆ ಒಂದು ಮರದ ಕೈಹಿಡಿ ಇಟ್ಟಿದ್ದರೆ ಮನೆಯ ಹಳಮೆಗೇನೂ ಕುಂದಾಗುತ್ತಿರಲಿಲ್ಲ, ಮಾಲೀಕರಿಗೂ ಹಾಗೇ ಹೇಳಿ ಬಂದೆ. ಕಿಟಕಿಗಳು ಸಣ್ಣವು, ದಪ್ಪ ಗೋಡೆಯಲ್ಲಿ ಕಂಡಿ ದೊಡ್ಡದಾದಷ್ಟೂ ಗೋಡೆ ಸೋಲುತ್ತದೆ, ಗಾಜೂ ಆಗ ತುಟ್ಟಿ. ಹಾಗಾಗಿ ಅಡುಗೆಮನೆ ಕತ್ತಲೆ. ಒಗ್ಗರಣೆಯ ಘಾಟು ಹೊರಗೆ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ. ಜೇಡರ ಹುಳ ಇವೆ, ಅವಕ್ಕೂ ಅದು ಹಳೆ ಮನೆ.

ಬೆಂಕಿಯ ನಿಯಮ ಕಟ್ಟುನಿಟ್ಟು. ಹುಲ್ಲಿನ ಮಾಡಿಗೆ ದೊಡ್ಡ ಭಯ ಹೊಗೆಗೂಡಿನ ಕಿಡಿ. ಪ್ರತಿ ವರ್ಷ ಹೊಗೆಗೂಡು ಗುಡಿಸಬೇಕು, ಹಸಿ ಕಟ್ಟಿಗೆ ಉರಿಸಬಾರದು, ಒಳಗೆ ಮೇಣದ ಬತ್ತಿ ಹಚ್ಚಬಾರದು. ದೇವರ ದೀಪಕ್ಕೂ ಇದೇ ನಿಯಮವೇ ಎಂದು ಕೇಳಿದೆ. ಆ ಅಜ್ಜಿ ಯೋಚಿಸಿ, ಬೆಂಕಿಗೂಡಿನ ಒಳಗೆ ಕಲ್ಲಿನ ಮೇಲೆ ಇಟ್ಟರೆ ಆದೀತು, ಆದರೆ ಎದುರಿಗೆ ಯಾರಾದರೂ ಕೂತಿರಬೇಕು ಅಂದರು. ಹಾಗೇ ಮಾಡಿದೆವು. ಇಷ್ಟು ತಾಳ್ಮೆಯಿಂದ ಒಂದು ಉಪಾಯ ಹುಡುಕಿಕೊಟ್ಟ ಅವರ ಮೇಲೆ ನನಗೆ ಬಹಳ ಗೌರವ.

ಈ ಮನೆ ಕಾಪಾಡಬೇಕಾದ ಕಟ್ಟಡಗಳ ಸರ್ಕಾರಿ ಪಟ್ಟಿಯಲ್ಲಿದೆ, ಎರಡನೇ ದರ್ಜೆ. 1947ರ ಕಾಯಿದೆಯ ನಂತರ ಬೆಳೆದುಬಂದ ವ್ಯವಸ್ಥೆ ಅದು, ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಶೇ 90ಕ್ಕಿಂತ ಹೆಚ್ಚು ಈ ದರ್ಜೆಯವೇ, ಅಂದರೆ ಅರಮನೆಗಳಲ್ಲ, ಇಂಥ ಸಾದಾ ಮನೆಗಳು. ಮನೆಯ ಸ್ವರೂಪಕ್ಕೆ ತಾಗುವ ಯಾವ ಬದಲಾವಣೆಗೂ ಸ್ಥಳೀಯ ಕೌನ್ಸಿಲ್ಲಿನ ಒಪ್ಪಿಗೆ ಬೇಕು. ಇಲ್ಲದೆ ಮಾಡಿದರೆ ಅಪರಾಧ. ಅದಕ್ಕೂ ಮೊದಲೇ, 1877ರಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೆ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ್ದರು. ಹಳತನ್ನು ಹೊಸದಾಗಿ ಹೊಳೆಯುವಂತೆ ಮಾಡಬೇಡಿ, ದಿನದಿನದ ಆರೈಕೆಯಿಂದ ಕೆಡದಂತೆ ನೋಡಿಕೊಳ್ಳಿ ಎಂಬುದು ಅವರ ಹಟ. ಮಾಲೀಕರಿಗೆ ಈ ಕಾನೂನಿನ ಕಿರಿಕಿರಿಯೂ ಇದೆ, ಒಂದು ಕಿಟಕಿ ಬದಲಿಸಲು ತಿಂಗಳುಗಟ್ಟಲೆ ಕಾಯಬೇಕಾಯಿತಂತೆ. ಆದರೂ ಅದಿಲ್ಲದಿದ್ದರೆ ಇಷ್ಟು ಮನೆ ಉಳಿಯುತ್ತಿರಲಿಲ್ಲ ಎಂದು ಅವರೇ ಒಪ್ಪುತ್ತಾರೆ. ನಮ್ಮ ಸೀಮೆಯಲ್ಲಿ ಹಳೆ ಮನೆಗೆ ಬೆಲೆ ಕಟ್ಟಲು ಬರುವವರು ಕಂಬ, ಬಾಗಿಲು, ತೊಲೆಗಳನ್ನು ಬಿಚ್ಚಿ ಲಾರಿಗೆ ಹಾಕಲು ಬರುವವರು ಮಾತ್ರ. ಮಣ್ಣಿನ ಗೋಡೆಯನ್ನು ಲಾರಿಗೆ ಹಾಕಲಾಗುವುದಿಲ್ಲ, ಅದು ಅಲ್ಲೇ ಮಳೆಯಲ್ಲಿ ಕರಗುತ್ತದೆ. ಆ ಗೋಡೆಗೂ ಬೆಲೆಯಿದೆ ಎಂದು ನಮ್ಮ ಮಕ್ಕಳಿಗೆ ತೋರಿಸಲು ಒಂದು ಜಾಗ ಬೇಕಿತ್ತು, ನನಗೆ ಅದು ಡೆವನ್ನಿನಲ್ಲಿ ಸಿಕ್ಕಿತು.

ಹೋಗುವವರಿಗೆ: ನಾಲ್ಕು ಜನ ಹಂಚಿಕೊಂಡರೆ ಬಾಡಿಗೆ ಎಕ್ಸಿಟರಿನ ಸಾಧಾರಣ ಹೋಟೆಲಿನಷ್ಟೇ ಬೀಳುತ್ತದೆ. ಕಾರು ಬೇಕೇ ಬೇಕು, ರಸ್ತೆಗಳು ಎತ್ತರದ ಬೇಲಿಗಳ ನಡುವೆ ಒಂದೇ ಗಾಡಿ ಹಿಡಿಸುವಷ್ಟು ಅಗಲ. ಮೇ, ಜೂನ್ ಒಳ್ಳೆಯದು, ಆಗ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಅಕ್ಕಿ, ಬೇಳೆ ಎಕ್ಸಿಟರಿನಲ್ಲೇ ಕೊಂಡು ಹೋಗಿ. ಹಳ್ಳಿ ಅಂಗಡಿಯಲ್ಲಿ ಹಾಲು, ಮೊಸರು, ತರಕಾರಿ ಸಿಗುತ್ತದೆ. ಬಚ್ಚಲಿಗೆ ಒಂದು ಚೊಂಬು ಜೊತೆಗಿರಲಿ. ಬುಕ್ ಮಾಡುವ ಮೊದಲು ಎರಡು ಮಾತು ಕೇಳಿ: ಗೋಡೆಯ ಗಾರೆ ಸುಣ್ಣದ್ದೋ ಸಿಮೆಂಟಿನದ್ದೋ, ಹೊಗೆಗೂಡು ಯಾವಾಗ ಗುಡಿಸಿದ್ದು. ಮೊದಲನೆಯದಕ್ಕೆ ಸರಿಯಾದ ಉತ್ತರ ಬಂದರೆ ಮನೆ ಒಣಗಿರುತ್ತದೆ. ಮೊಣಕಾಲು ನೋವಿರುವವರು, ಕೆಳಗಿನ ಒಳಕೋಣೆಯಲ್ಲಿ ಹಾಸಿಗೆ ಹಾಕಿಕೊಡಿ ಎಂದು ಮೊದಲೇ ಬರೆಯಿರಿ. ನಮಗೆ ಕೊಟ್ಟರು.